ಪಿಸ್ಟನ್ ಯಾಕೆ ಒಡೆಯಿತು, ಮೊದಲು ಅದು ಗೊತ್ತಾಗಲಿ

ಪ್ರಶ್ನೆ: ನಾನು ತಿಪಟೂರು ಕಡೆಯವನು. ಈಗ ಅಮೆರಿಕದಲ್ಲಿ, ಡೆಟ್ರಾಯ್ಟ್ ಪಕ್ಕದ ಊರಿನಲ್ಲಿ ಕೆಲಸ. ಕಾಲೇಜಿನ ದಿನಗಳಿಂದಲೂ ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕಾರಿನ ಹುಚ್ಚು. ಮೂರು ವರ್ಷದ ಹಿಂದೆ 2015ರ ಮಾಡೆಲ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಹಿಂದಿನ ಮಾಲೀಕ ಎಕ್ಸಾಸ್ಟ್ ಬದಲಾಯಿಸಿ ‘ಸ್ಟೇಜ್ 2’ ಟ್ಯೂನ್ ಮಾಡಿಸಿದ್ದ. ಹೋದ ತಿಂಗಳು ಫ್ರೀವೇಗೆ ಹತ್ತುವಾಗ ಎಂಜಿನ್ ಇದ್ದಕ್ಕಿದ್ದಂತೆ ನಡುಗತೊಡಗಿತು, ಹಿಂದೆ ನೀಲಿ ಹೊಗೆ, ಚೆಕ್ ಎಂಜಿನ್ ದೀಪ ಮಿಣುಕಿತು. ಟೋ ಮಾಡಿಸಿಕೊಂಡು ಅಂಗಡಿಗೆ ಒಯ್ದೆ. ಕಂಪ್ರೆಷನ್ ನೋಡಿದರೆ ಮೂರು ಸಿಲಿಂಡರಿನಲ್ಲಿ 140ರ ಆಸುಪಾಸು, ನಾಲ್ಕನೆಯದರಲ್ಲಿ 85. ಪಿಸ್ಟನ್ ಒಡೆದಿದೆ ಎಂದರು. ಕಂಪನಿಯ ಹೊಸ ಶಾರ್ಟ್ ಬ್ಲಾಕ್ (ಪಿಸ್ಟನ್, ಕ್ರ್ಯಾಂಕ್ ಸಮೇತ ಬರುವ ಎಂಜಿನ್ನಿನ ಕೆಳಭಾಗ) ಕೂರಿಸಿಕೊಡಲು 7,500 ಡಾಲರ್, ಫೋರ್ಜ್ಡ್ ಪಿಸ್ಟನ್, ದೊಡ್ಡ ಟರ್ಬೊ ಹಾಕಿ 450 ಹಾರ್ಸ್‌ಪವರ್ ಮಾಡಿಕೊಡಲು 15,000 ಡಾಲರ್ ಎಂದಿದ್ದಾರೆ. ಹೇಗಿದ್ದರೂ ಎಂಜಿನ್ ಬಿಚ್ಚುತ್ತೇವೆ, ಒಂದೇ ಸಲ ಗಟ್ಟಿ ಮಾಡಿಸಿಬಿಡಿ ಅನ್ನುವುದು ಅವರ ಮಾತು. ನನ್ನ ಹೆಂಡತಿಗೆ ಈಗ ಐದು ತಿಂಗಳು. ಮನೆ ಕೊಳ್ಳಲು ದುಡ್ಡು ಕೂಡಿಡುತ್ತಿದ್ದೇವೆ. ಇದ್ದ ಹಾಗೇ ಮಾರಿಬಿಡಿ ಅನ್ನುತ್ತಾಳೆ. ಎರಡನೇ ಲೆಕ್ಕವನ್ನು ಅವಳಿಗೆ ಇನ್ನೂ ಹೇಳಿಲ್ಲ. ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದ್ದು ಒಂದೇ ಮಾತು: ‘ಯಾಕೆ ಹೋಯ್ತಂತೆ?’ ಏನು ಮಾಡಲಿ? ಮಾರಲು ಮನಸ್ಸು ಬರುತ್ತಿಲ್ಲ.
— ಹೆಸರು ಬೇಡ, ಮಿಷಿಗನ್

ಉತ್ತರ: ನಿಮ್ಮ ತಂದೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ. ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಅದಕ್ಕೆ ಉತ್ತರ ಎಲ್ಲೂ ಸಿಗಲಿಲ್ಲ. ಅಂಗಡಿಯವರು ಕೊಟ್ಟ ಎರಡೂ ಲೆಕ್ಕದಲ್ಲಿ ಏನು ಹಾಕುತ್ತೇವೆ ಅನ್ನುವುದಿದೆ, ಹಳೆಯದು ಯಾಕೆ ಹೋಯಿತು ಅನ್ನುವುದಿಲ್ಲ. ಕಾರಣ ಗೊತ್ತಾಗದೆ ಕಟ್ಟಿದ ಎಂಜಿನ್, ಎಷ್ಟೇ ದುಬಾರಿ ಪಿಸ್ಟನ್ ಹಾಕಿದ್ದರೂ, ಅದೇ ಕಾರಣಕ್ಕೆ ಮತ್ತೆ ಹೋಗುತ್ತದೆ. ಹಾಗಾಗಿ 7,500ವೋ 15,000ವೋ ಅನ್ನುವ ಚರ್ಚೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ನಿಮ್ಮ ಕಾರಿನಲ್ಲಿರುವುದು ಇಜೆ 257 ಅನ್ನುವ ಎಂಜಿನ್. ಎರಡೂವರೆ ಲೀಟರ್, ನಾಲ್ಕು ಸಿಲಿಂಡರ್, ಎರಡು ಬಲಕ್ಕೆ, ಎರಡು ಎಡಕ್ಕೆ ಮಲಗಿರುವ ಬಾಕ್ಸರ್ ವಿನ್ಯಾಸ. ಅಮೆರಿಕದಲ್ಲಿ 2004ರ ಎಸ್‌ಟಿಐಯಿಂದ 2021ರ ಕೊನೆಯ ಮಾಡೆಲ್‌ವರೆಗೆ ಇದೇ ಎಂಜಿನ್ ಬಂತು. ನಿಮ್ಮ ವರ್ಷದ್ದು 305 ಹಾರ್ಸ್‌ಪವರ್. ಅದರ ಬೋರು 99.5 ಮಿಲಿಮೀಟರ್, ಸ್ಟ್ರೋಕು ಬರೀ 79. ಅಂದರೆ ಅಗಲವಾದ, ಗಿಡ್ಡ ಸಿಲಿಂಡರು. ಒಳಗೆ ಓಡಾಡುವುದು ಸಿಲಿಕಾನ್ ಹೆಚ್ಚಿರುವ ಎರಕದ ಅಲ್ಯುಮಿನಿಯಂ ಪಿಸ್ಟನ್. ಈ ಲೋಹ ಸವೆಯುವುದು ಕಡಿಮೆ, ಬಿಸಿಗೆ ಹಿಗ್ಗುವುದೂ ಕಡಿಮೆ. ಅದಕ್ಕೇ ಎಂಜಿನ್ ಸದ್ದಿಲ್ಲದೆ, ಬಹುಕಾಲ ಓಡುತ್ತದೆ. ಆದರೆ ಪೆಟ್ಟು ತಡೆಯುವ ಗುಣ ಇದಕ್ಕಿಲ್ಲ, ಬಾಗುವ ಬದಲು ಸೀಳುತ್ತದೆ.

ಆ ಪೆಟ್ಟು ಬರುವುದು ನಾಕಿಂಗ್‌ನಿಂದ. ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚಿದ ಮೇಲೆ ಜ್ವಾಲೆ ಪ್ಲಗ್ಗಿನಿಂದ ಅಂಚಿನ ಕಡೆಗೆ ಹರಡಿಕೊಂಡು ಹೋಗಬೇಕು. ಒತ್ತಡ, ಶಾಖ ಮಿತಿ ಮೀರಿದರೆ ಜ್ವಾಲೆ ತಲುಪುವ ಮುಂಚೆಯೇ ಅಂಚಿನಲ್ಲಿ ಉಳಿದ ಪೆಟ್ರೋಲು-ಗಾಳಿಯ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಪಿಸ್ಟನ್ನಿನ ತಲೆಗೆ ಅದು ಸುತ್ತಿಗೆಯ ಏಟು. ಅಂಥ ಏಟು ಮೊದಲು ಮುರಿಯುವುದು ಪಿಸ್ಟನ್ನಿನ ಅತಿ ಸಪೂರ ಜಾಗವನ್ನು. ಮೇಲಿನ ರಿಂಗು ಕೂರುವ ಗ್ರೂವ್‌ಗೂ ಎರಡನೇ ರಿಂಗಿನ ಗ್ರೂವ್‌ಗೂ ನಡುವೆ ಇರುವ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಅದಕ್ಕೆ ರಿಂಗ್‌ಲ್ಯಾಂಡ್ ಎನ್ನುತ್ತಾರೆ. ಅದು ಚೂರಾಗಿ ಎದ್ದಾಗ ಮೇಲಿನ ರಿಂಗಿಗೆ ಆಸರೆ ತಪ್ಪುತ್ತದೆ. ಉರಿದ ಗ್ಯಾಸು ಕೆಳಗೆ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ, ಆಯಿಲು ಮೇಲೇರಿ ಉರಿಯುತ್ತದೆ. ನಿಮಗೆ ಕಂಡ ನೀಲಿ ಹೊಗೆ, ಇಳಿದ ಕಂಪ್ರೆಷನ್, ಎರಡೂ ಇದಕ್ಕೆ ಹೊಂದುತ್ತವೆ.

ನಾಲ್ಕನೇ ಸಿಲಿಂಡರೇ ಯಾಕೆ? ಅಮೆರಿಕದ ಕಾರಿನಲ್ಲಿ ಅದು ಚಾಲಕನ ಬದಿಯಲ್ಲಿ, ಹಿಂದುಗಡೆ, ಫೈರ್‌ವಾಲ್‌ಗೆ ಹತ್ತಿರ ಇದೆ. ಉಳಿದವಕ್ಕಿಂತ ಅದು ಹೆಚ್ಚು ಕಾಯುತ್ತದೆ ಅನ್ನುವುದು ಈ ಎಂಜಿನ್ ಕಟ್ಟುವವರ ಬಹುಕಾಲದ ಅನುಭವ, ಒಡೆದ ಪಿಸ್ಟನ್‌ಗಳಲ್ಲಿ ಅದರ ಪಾಲು ದೊಡ್ಡದು. 2018ರಲ್ಲಿ ಬಂದ ಟೈಪ್ ಆರ್‌ಎ ಮಾದರಿಗೂ, 2019ರಿಂದ ಎಲ್ಲ ಎಸ್‌ಟಿಐಗೂ ಕಂಪನಿಯೇ ಇನ್ನೂ ಗಟ್ಟಿಯಾದ ಪಿಸ್ಟನ್ ಹಾಕಿತು. ಹಾಗೆಂದು ಇದು ಹಣೆಬರಹವೆಂದು ಕೈಚೆಲ್ಲಬೇಡಿ. ಕಾರ್ಖಾನೆಯಿಂದ ಬಂದ ಟ್ಯೂನ್ ಮುಟ್ಟದೆ, ಆಯಿಲ್ ಮಟ್ಟ ನೋಡಿಕೊಂಡು, ಒಳ್ಳೆಯ ಪೆಟ್ರೋಲು ಹಾಕಿ ಓಡಿಸಿದ ಎಷ್ಟೋ ಎಸ್‌ಟಿಐಗಳು ಲಕ್ಷ ಮೈಲಿ ದಾಟಿವೆ. ನಿಮ್ಮದು ಒಡೆದದ್ದಕ್ಕೆ ನಿರ್ದಿಷ್ಟ ಕಾರಣ ಇದ್ದೇ ಇದೆ.

ಟರ್ಬೊಗೂ ನಾಕಿಂಗಿಗೂ ಇರುವ ಜಗಳ ಟರ್ಬೊ ಕಾರಿನಷ್ಟೇ ಹಳೆಯದು, ಅದರ ಮೊದಲ ಅಧ್ಯಾಯ ನಡೆದದ್ದೂ ನೀವಿರುವ ರಾಜ್ಯದಲ್ಲೇ. ಲ್ಯಾನ್ಸಿಂಗ್‌ನ ಓಲ್ಡ್ಸ್‌ಮೊಬೀಲ್ ಕಂಪನಿ 1962ರಲ್ಲಿ ಜೆಟ್‌ಫೈರ್ ಅನ್ನುವ ಕಾರು ತಂದಿತು. ಟರ್ಬೊ ಹಾಕಿ ಮಾರಾಟಕ್ಕೆ ಬಂದ ಮೊಟ್ಟಮೊದಲ ಕಾರುಗಳಲ್ಲಿ ಅದೂ ಒಂದು. ಮೂರೂವರೆ ಲೀಟರಿನ ವಿ8 ಎಂಜಿನ್, 215 ಹಾರ್ಸ್‌ಪವರ್, ಕಂಪ್ರೆಷನ್ ಅನುಪಾತ 10.25. ಟರ್ಬೊ ಎಂಜಿನ್ನಿಗೆ ಇದು ಬಹಳ ಹೆಚ್ಚು (ನಿಮ್ಮದರಲ್ಲಿ 8.2 ಮಾತ್ರ). ನಾಕಿಂಗ್ ತಡೆಯಲು ಅವರು ಡಿಸ್ಟಿಲ್ಡ್ ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ಟ್ಯಾಂಕಿನಲ್ಲಿಟ್ಟು ಎಂಜಿನ್ನಿನೊಳಕ್ಕೆ ಸಿಂಪಡಿಸುವ ಏರ್ಪಾಟು ಮಾಡಿದ್ದರು. ಕೊಂಡವರು ಆ ಟ್ಯಾಂಕು ತುಂಬಿಸುವುದನ್ನು ಮರೆತರು. ಕಾರು ಎರಡೇ ವರ್ಷಕ್ಕೆ ನಿಂತುಹೋಯಿತು. ಆಮೇಲೆ ಎಷ್ಟೋ ಗಿರಾಕಿಗಳು ಟರ್ಬೊವನ್ನೇ ತೆಗೆಸಿ ಮಾಮೂಲು ಕಾರ್ಬ್ಯುರೇಟರ್ ಹಾಕಿಸಿಕೊಂಡರು. ಎಂಜಿನಿಯರುಗಳು ಲೆಕ್ಕ ಸರಿಯಾಗಿಯೇ ಹಾಕಿದ್ದರು. ದಿನನಿತ್ಯ ಓಡಿಸುವವನ ಕೈಗೆ ಬಂದಾಗ ಆ ಲೆಕ್ಕದಲ್ಲಿ ಸುರಕ್ಷತೆಗೆ ಜಾಗ ಉಳಿಯಲಿಲ್ಲ. 450 ಹಾರ್ಸ್‌ಪವರ್ ವಿಷಯಕ್ಕೆ ಬಂದಾಗ ಇದೇ ಮಾತು ಮತ್ತೆ ಬರುತ್ತದೆ.

ಈಗ ನಿಮ್ಮ ಕಾರಿನ ವಿಚಾರಣೆ. ನನ್ನ ಅನುಮಾನ ಮೊದಲು ಹೋಗುವುದು ಆ ‘ಸ್ಟೇಜ್ 2’ ಟ್ಯೂನ್ ಕಡೆಗೆ. ಅದನ್ನು ಯಾರು ಮಾಡಿದರು, ಯಾವ ಪೆಟ್ರೋಲಿಗೆ ಮಾಡಿದರು ಅನ್ನುವುದು ನಿಮಗೆ ಗೊತ್ತಿಲ್ಲ ಅನ್ನಿಸುತ್ತದೆ. 93 ಆಕ್ಟೇನ್‌ಗೆ ಮಾಡಿದ ಟ್ಯೂನ್ ಇರುವ ಕಾರಿಗೆ 91 ಹಾಕಿಕೊಂಡು ಓಡಿಸಿದರೆ ಸಾಕು, ನಾಕಿಂಗ್ ಶುರುವಾಗಬಹುದು. ಸುಬಾರುವಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ನಾಕಿಂಗ್ ಕೇಳಿಸಿದಾಗಲೆಲ್ಲ ಸ್ಪಾರ್ಕಿನ ಟೈಮಿಂಗ್ ಹಿಂದಕ್ಕೆ ಎಳೆದು, ಎಷ್ಟು ಎಳೆದೆ ಅನ್ನುವುದನ್ನು ನೆನಪಿಟ್ಟುಕೊಳ್ಳುತ್ತದೆ. ಆ ನೆನಪೇ ನಿಮಗೆ ಸಿಗಬಹುದಾದ ಅತ್ಯುತ್ತಮ ಸಾಕ್ಷಿ. ಬ್ಯಾಟರಿ ವೈರು ಕಳಚಿದರೆ ಅದು ಅಳಿಸಿಹೋಗುತ್ತದೆ. ಆದ್ದರಿಂದ ಈ ಪತ್ರಿಕೆ ಕೈಗೆ ಬಂದ ದಿನವೇ ಅಂಗಡಿಗೆ ಫೋನ್ ಮಾಡಿ: ಬ್ಯಾಟರಿ ಕಳಚಿದ್ದೀರಾ? ಕಳಚಿಲ್ಲದಿದ್ದರೆ ಮೊದಲು ಇಸಿಯುನಲ್ಲಿರುವ ನಾಕ್ ಲರ್ನಿಂಗ್ ಅಂಕಿಗಳನ್ನೂ, ಅದರಲ್ಲಿ ಕೂತಿರುವ ಟ್ಯೂನ್ ಫೈಲನ್ನೂ ಇಳಿಸಿಕೊಡಿ ಎನ್ನಿ. ಕಳಚಿದ್ದರೂ ಟ್ಯೂನ್ ಫೈಲು ಹಾಗೇ ಇರುತ್ತದೆ. ಅದನ್ನು ಬೇರೊಬ್ಬ ಟ್ಯೂನರ್‌ಗೆ ತೋರಿಸಿ, ದುಡ್ಡು ಕೊಟ್ಟಾದರೂ ಓದಿಸಿ.

ಟ್ಯೂನ್ ಒಂದೇ ಅಲ್ಲ. ಇಂಜೆಕ್ಟರ್ ಒಂದು ಅರ್ಧ ಕಟ್ಟಿಕೊಂಡಿದ್ದರೂ ಆ ಸಿಲಿಂಡರಿಗೆ ಮಾತ್ರ ಪೆಟ್ರೋಲು ಕಡಿಮೆ ಬಂದು ಅದು ಒಂದೇ ಕಾಯುತ್ತದೆ. ನಾಲ್ಕೂ ಇಂಜೆಕ್ಟರ್ ತೆಗೆಸಿ ಹರಿವು ಪರೀಕ್ಷೆ ಮಾಡಿಸಿ, ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಗಾಳಿ ಒಯ್ಯುವ ಪೈಪುಗಳಲ್ಲಿ ಲೀಕ್ ಇದೆಯೇ ಅನ್ನುವುದನ್ನು ಹೊಗೆ ಹಾಕಿ ನೋಡಬೇಕು. ಕ್ರ್ಯಾಂಕ್‌ಕೇಸಿನಿಂದ ಬರುವ ಆಯಿಲ್ ಆವಿ ಇನ್‌ಟೇಕಿಗೆ ಹೋಗಿ ಇಂಟರ್‌ಕೂಲರಿನೊಳಗೆ ಕೂತಿದೆಯೇ? ಆಯಿಲ್ ಬೆರೆತ ಗಾಳಿ ನಾಕಿಂಗಿಗೆ ಬಹಳ ಬೇಗ ಬಲಿಯಾಗುತ್ತದೆ. ಇಂಟರ್‌ಕೂಲರ್ ಬಿಚ್ಚಿ ಬಗ್ಗಿಸಿದಾಗ ಆಯಿಲು ಸುರಿದರೆ ಅದೂ ಒಂದು ಸುಳಿವು, ಆದರೆ ಪಿಸ್ಟನ್ ಒಡೆದ ಮೇಲೆ ಸೇರಿದ್ದೂ ಇರಬಹುದು.

ಎಂಜಿನ್ ಇಳಿಸಿ ಬಿಚ್ಚುವ ದಿನ ನೀವು ಅಲ್ಲಿ ನಿಂತಿರಬೇಕು, ರಜೆ ಹಾಕಿಯಾದರೂ. ಬಿಚ್ಚುವ ಮುಂಚೆ ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಸಿಲಿಂಡರಿಗೆ ಗಾಳಿ ತುಂಬಿ ಎಲ್ಲಿಂದ ಹೊರಬರುತ್ತಿದೆ ಎಂದು ಕಿವಿಯಿಟ್ಟು ಕೇಳುವ ಪರೀಕ್ಷೆ ಅದು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿಂದ ಸುಯ್ಯೆನ್ನುವ ಸದ್ದು ಬಂದರೆ ಗಾಳಿ ಪಿಸ್ಟನ್ ದಾಟಿ ಕೆಳಗೆ ಹೋಗುತ್ತಿದೆ ಎಂದರ್ಥ. ಎಕ್ಸಾಸ್ಟಿನಿಂದ ಬಂದರೆ ಸುಟ್ಟದ್ದು ವಾಲ್ವ್. ಆಗ ಕಥೆಯೇ ಬೇರೆ, ಖರ್ಚೂ ಬೇರೆ. ಆಮೇಲೆ ಆಯಿಲ್ ಫಿಲ್ಟರನ್ನು ಕತ್ತರಿಸಿ ಬಿಚ್ಚಿಸಿ. ಒಳಗಿನ ಕಾಗದದ ಮಡಿಕೆಗಳನ್ನು ಹಿಂಡಿ, ಬೆಳಕಿಗೆ ಹಿಡಿದು, ಒಂದೊಂದಾಗಿ ಬಿಡಿಸಿ ನೋಡಿ. ಬೂದುಬಣ್ಣದ ಮಿನುಗುವ ಚೂರುಗಳು ಮಾತ್ರ ಇದ್ದರೆ ಪಿಸ್ಟನ್ನಿನದು ಇರಬಹುದು. ನವಿರಾದ ಪುಡಿ, ಅದರಲ್ಲೂ ತಾಮ್ರದ ಬಣ್ಣ ಕಂಡರೆ ಬೇರಿಂಗು ಹೋಗಿದೆ. ನಾಲ್ಕನೇ ಪಿಸ್ಟನ್ ಕೈಗೆ ಬಂದಾಗ ಒಡೆದ ಅಂಚನ್ನು ಬೆರಳಲ್ಲಿ ಸವರಿ ನೋಡಿ, ತಲೆಯ ಮೇಲ್ಭಾಗವನ್ನೂ ಗಮನಿಸಿ. ಅಂಚಿನ ಸುತ್ತ ಮರಳುಕಾಗದ ಉಜ್ಜಿದಂಥ ಸಣ್ಣ ಸಣ್ಣ ಗುಳಿಗಳಿದ್ದರೆ ನಾಕಿಂಗ್ ಬಹಳ ದಿನಗಳಿಂದ ನಡೆದಿದೆ ಎಂದು ಲೆಕ್ಕ. ಉಳಿದ ಮೂರನ್ನೂ ಹಾಗೇ ನೋಡಿ. ಮೂರೂ ಚೊಕ್ಕವಾಗಿದ್ದು ನಾಲ್ಕನೆಯದು ಮಾತ್ರ ಕೆಟ್ಟಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್, ತಂಪು ಇತ್ಯಾದಿ ಹುಡುಕಬೇಕು. ನಾಲ್ಕರಲ್ಲೂ ಗುಳಿ ಇದ್ದರೆ ಟ್ಯೂನೋ ಪೆಟ್ರೋಲೋ ತಪ್ಪು. ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ.

ಎಂಜಿನ್ ಮತ್ತೆ ಕಟ್ಟುವಾಗ ಜನ ಅತಿ ಕಡಿಮೆ ದುಡ್ಡು ಹಾಕುವುದು ಶುಚಿಗೆ, ಅತಿ ಹೆಚ್ಚು ನಷ್ಟ ಅನುಭವಿಸುವುದೂ ಅಲ್ಲೇ. ಒಡೆದ ಲೋಹದ ಚೂರು ಆಯಿಲಿನ ಜೊತೆ ಎಲ್ಲಾ ಕಡೆ ಹೋಗಿರುತ್ತದೆ. ಆಯಿಲ್ ಫಿಲ್ಟರಿನ ಮೇಲೆ ಕೂತಿರುವ ಕೂಲರಿನ ಒಳದಾರಿಗಳು ಎಷ್ಟು ಸಣ್ಣವೆಂದರೆ ಅದನ್ನು ತೊಳೆದು ಶುಚಿ ಮಾಡಿದೆ ಅನ್ನುವ ಯಾರ ಮಾತನ್ನೂ ನಂಬಬೇಡಿ, ಬೇರಿಂಗಿನ ಪುಡಿ ಕಂಡಿದ್ದರೆ ಹೊಸದನ್ನೇ ಹಾಕಿಸಿ. ಕ್ಯಾಮ್ ಟೈಮಿಂಗ್ ಬದಲಿಸುವ ಸೊಲೆನಾಯ್ಡುಗಳು, ಟರ್ಬೊಗೆ ಆಯಿಲ್ ಒಯ್ಯುವ ಪೈಪು, ಆ ಪೈಪಿನ ಬೋಲ್ಟಿನೊಳಗೆ ಕೂತಿರುವ ಪುಟ್ಟ ಜಾಲರಿ, ಇವೆಲ್ಲ ಬಿಚ್ಚಬೇಕು. ಆ ಜಾಲರಿ ಕಟ್ಟಿಕೊಂಡು ಆಯಿಲ್ ಸಿಗದೆ ಟರ್ಬೊ ಹೋದ ಸುಬಾರುಗಳಿಗೆ ಲೆಕ್ಕವಿಲ್ಲ. ಪಿಸ್ಟನ್ನಿನದೋ ರಿಂಗಿನದೋ ಚೂರು ಎಕ್ಸಾಸ್ಟ್ ದಾರಿಯಲ್ಲಿ ಹೋಗಿ ಟರ್ಬೈನಿನ ರೆಕ್ಕೆಗೆ ಬಡಿದಿರಬಹುದು, ಪ್ರತಿ ರೆಕ್ಕೆಯ ಅಂಚನ್ನೂ ನೋಡಿಸಿ. ಸಂಪಿನೊಳಗಿಂದ ಆಯಿಲ್ ಎಳೆಯುವ ಪಿಕಪ್ ಕೊಳವೆಯ ಬೆಸುಗೆ ಈ ಎಂಜಿನ್ನಿನಲ್ಲಿ ಬಿರುಕು ಬಿಡುವುದುಂಟು. ಬಿಟ್ಟರೆ ಪಂಪು ಆಯಿಲಿನ ಬದಲು ಗಾಳಿ ಎಳೆಯುತ್ತದೆ. ಅದರ ಜಾಗಕ್ಕೆ ಗಟ್ಟಿಮುಟ್ಟಾದದ್ದನ್ನು ಹಾಕುವುದು, ಹೊಸ ಆಯಿಲ್ ಪಂಪು, ಆಯಿಲ್ ಆವಿ ಬೇರ್ಪಡಿಸುವ ಸೆಪರೇಟರ್, ಇವು ನಿಮ್ಮ ದುಡ್ಡಿಗೆ ನಿಜವಾದ ‘ಅಪ್‌ಗ್ರೇಡ್’. ಹಾರ್ಸ್‌ಪವರ್ ಒಂದೂ ಏರುವುದಿಲ್ಲ, ಎಂಜಿನ್ ಉಳಿಯುತ್ತದೆ.

ಇನ್ನು ಪಿಸ್ಟನ್. ಫೋರ್ಜ್ಡ್ ಎಂದರೆ ಎರಕ ಹೊಯ್ಯದೆ, ಲೋಹವನ್ನು ಒತ್ತಿ ರೂಪಿಸಿದ್ದು. ಪೆಟ್ಟು ಬಿದ್ದರೆ ಸುಲಭವಾಗಿ ಸೀಳುವುದಿಲ್ಲ. ಮಾರುಕಟ್ಟೆಯಲ್ಲಿ ಎರಡು ಬಗೆಯ ಮಿಶ್ರಲೋಹ ಸಿಗುತ್ತದೆ. 2618 ಹೆಚ್ಚು ಗಟ್ಟಿ, ಆದರೆ ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಸಿಲಿಂಡರಿನಲ್ಲಿ ಅದಕ್ಕೆ ಹೆಚ್ಚು ಸಂದು ಬಿಡಬೇಕು. ಹಾಗಾಗಿ ಎಂಜಿನ್ ತಣ್ಣಗಿದ್ದಾಗ ಪಿಸ್ಟನ್ ಆಚೀಚೆ ಬಡಿದು ಕಟಕಟ ಸದ್ದು ಬರುತ್ತದೆ. 4032ರಲ್ಲಿ ಸಿಲಿಕಾನ್ ಇರುವುದರಿಂದ ಹಿಗ್ಗುವುದು ಕಡಿಮೆ, ಸಂದೂ ಕಡಿಮೆ ಸಾಕು. ಮಿಷಿಗನ್ನಿನ ಜನವರಿಯಲ್ಲಿ, ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿ ಆಫೀಸಿಗೆ ಹೋಗುವ ಕಾರಿಗೆ ನಾನು 4032 ಆರಿಸುತ್ತೇನೆ. ರೇಸಿಗೆ ಹೋಗುವವರು ಇನ್ನೊಂದನ್ನು ಆರಿಸಿಕೊಳ್ಳಲಿ.

ಆದರೆ ಪಿಸ್ಟನ್ನಿನ ಬ್ರ್ಯಾಂಡಿಗಿಂತ ದೊಡ್ಡದು ಬೋರಿಂಗ್ ಮಾಡುವವನ ಕೈ. ಬಾಕ್ಸರ್ ಎಂಜಿನ್ನಿನ ಬ್ಲಾಕು ಎರಡು ಹೋಳು, ನಡುವೆ ಕ್ರ್ಯಾಂಕು. ಹೆಡ್ ಬೋಲ್ಟ್ ಬಿಗಿದಾಗ ಅಲ್ಯುಮಿನಿಯಂ ಬ್ಲಾಕು ಕೊಂಚ ಆಕಾರ ಬದಲಿಸುತ್ತದೆ. ಅದಕ್ಕೇ ದಪ್ಪ ಟಾರ್ಕ್ ಪ್ಲೇಟ್ ಬಿಗಿದುಕೊಂಡು ಹೋನಿಂಗ್ ಮಾಡಬೇಕು. ಹಾಗೆ ಮಾಡದವನ ಕೈಯಲ್ಲಿ ಬೋರು ಹೆಡ್ ಇಲ್ಲದೆ ಅಳೆದಾಗ ಗುಂಡಗಿದ್ದು, ಹೆಡ್ ಕೂತ ಮೇಲೆ ಗುಂಡಗಿರುವುದಿಲ್ಲ. ಸಾಮಾನ್ಯವಾಗಿ 99.5ರಿಂದ 99.75ಕ್ಕೆ ಬೋರು ಏರಿಸುತ್ತಾರೆ, ಕಾಲು ಮಿಲಿಮೀಟರಿನ ಕೆಲಸ. ಟರ್ಬೊ ಎಂಜಿನ್ನಿಗೆ ಮೇಲಿನ ರಿಂಗಿನ ತುದಿಗಳ ನಡುವೆ ಸುಮಾರು ಅರ್ಧ ಮಿಲಿಮೀಟರ್ ಸಂದು ಬಿಡುತ್ತಾರೆ. ಕಡಿಮೆ ಬಿಟ್ಟರೆ ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ಒತ್ತಿಕೊಂಡು ಗಟ್ಟಿ ಪಿಸ್ಟನ್ನನ್ನೂ ಮುರಿಯುತ್ತವೆ. ನಾಲ್ಕೂ ಸಿಲಿಂಡರಿನ ಸಂದು, ಐದೂ ಮೇನ್ ಬೇರಿಂಗಿನ, ನಾಲ್ಕೂ ರಾಡ್ ಬೇರಿಂಗಿನ ಕ್ಲಿಯರೆನ್ಸ್, ಎಲ್ಲವನ್ನೂ ಅಳೆದು ಬರೆದ ಹಾಳೆ ಕೊಡಿ ಎಂದು ಕೇಳಿ. ಖುಷಿಯಿಂದ ತೋರಿಸುವವನಿಗೆ ಕೆಲಸ ಕೊಡಿ. ‘ಅದೆಲ್ಲ ನಮಗೆ ಬಿಡಿ’ ಅನ್ನುವವನಿಂದ ಎಂಜಿನ್ ವಾಪಸ್ ತನ್ನಿ.

ಅಂಥ ಕೈ ಸಿಗದಿದ್ದರೆ ಕಂಪನಿಯ ಹೊಸ ಶಾರ್ಟ್ ಬ್ಲಾಕೇ ಉತ್ತಮ, ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಕಾರ್ಖಾನೆಯ ಅಳತೆಯಲ್ಲಿ ಕೂಡಿಸಿದ ಎಂಜಿನ್, ಅದಕ್ಕೆ ಕಾರ್ಖಾನೆಯ ಟ್ಯೂನ್, ಹೊಸ ಆಯಿಲ್ ವ್ಯವಸ್ಥೆ ಸೇರಿದರೆ ನಿಮ್ಮಂಥ ದಿನಬಳಕೆಯವರಿಗೆ ಬೇಕಾದಷ್ಟಾಯಿತು. ಯಾರೋ ಅರೆಬರೆ ಬಲ್ಲವರು ಕಟ್ಟಿದ ‘ಬಿಲ್ಟ್ ಮೋಟಾರ್’ಗಿಂತ ಅದು ಹತ್ತು ಪಾಲು ವಾಸಿ.

450 ಹಾರ್ಸ್‌ಪವರ್ ಬೇಡ. ಎಸ್‌ಟಿಐನ ಆರು ಗೇರಿನ ಪೆಟ್ಟಿಗೆ ಗಟ್ಟಿಯೇ, ಅದು ತಡೆಯುತ್ತದೆ. ಆದರೆ ಕ್ಲಚ್ ಜಾರುತ್ತದೆ, ಪೆಟ್ರೋಲ್ ಪಂಪು, ಇಂಜೆಕ್ಟರ್ ಸಾಲದು, ಇಂಟರ್‌ಕೂಲರ್ ಸಾಲದು. 93 ಆಕ್ಟೇನ್‌ನಲ್ಲಿ ಆ ಬಲ ತೆಗೆಯಹೊರಟರೆ ನಾಕಿಂಗಿನ ಗಡಿಗೆ ಮೈ ತಾಗಿಸಿಕೊಂಡೇ ಓಡಬೇಕು. ಆಗ ಇ85 ಎಂಬ ಎಥನಾಲ್ ಇಂಧನಕ್ಕೆ ಹೋಗಿ ಎನ್ನುತ್ತಾರೆ. ಅದು ನಾಕಿಂಗ್ ತಡೆಯುವುದು ನಿಜ, ಆದರೆ ಸುಮಾರು ಮೂರನೇ ಒಂದು ಪಾಲು ಹೆಚ್ಚು ಇಂಧನ ಬೇಕು, ಬಂಕಿನಲ್ಲಿ ಸಿಗುವ ಇ85ರಲ್ಲಿ ಎಥನಾಲ್ ಪ್ರಮಾಣ ಚಳಿಗಾಲಕ್ಕೊಂದು ಬೇಸಿಗೆಗೊಂದು, ಅದನ್ನು ಅಳೆಯುವ ಸೆನ್ಸರ್ ಬೇಕು. ಒಂದರ ಹಿಂದೆ ಒಂದು ಖರ್ಚು. 15,000 ಎಂದದ್ದು 20,000ಕ್ಕೆ ನಿಂತರೆ ಪುಣ್ಯ. ಒಳ್ಳೆಯ ಕೈ ಸಿಕ್ಕರೆ ಫೋರ್ಜ್ಡ್ ಪಿಸ್ಟನ್ ಹಾಕಿಸಿ, ಟರ್ಬೊ ಹಳೆಯದೇ ಇರಲಿ. ಬಲ ಕಾರ್ಖಾನೆಯ ಮಟ್ಟದ ಆಸುಪಾಸಿನಲ್ಲೇ ಇರಲಿ. ಗಟ್ಟಿ ಪಿಸ್ಟನ್ನಿನಿಂದ ಸಿಗುವ ಹೆಚ್ಚುವರಿ ಶಕ್ತಿಯನ್ನು ವೇಗಕ್ಕೆ ಖರ್ಚು ಮಾಡದೆ ಆಯುಷ್ಯಕ್ಕೆ ಇಟ್ಟುಕೊಳ್ಳಿ. ಹಿಂದಿನ ಮಾಲೀಕ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತಿದ್ದರೆ ಅದನ್ನೂ ವಾಪಸ್ ಹಾಕಿಸಿ. ರಸ್ತೆಯ ಕಾರಿನಲ್ಲಿ ಅದನ್ನು ಕೀಳುವುದು ಅಮೆರಿಕದ ಕಾನೂನಿಗೆ ವಿರುದ್ಧ, ಹುಟ್ಟಲಿರುವ ಮಗುವಿನ ಮನೆ ಮುಂದೆ ಆ ಹೊಗೆ ಬೇಕಾಗಿಯೂ ಇಲ್ಲ.

ಬೆಂಗಳೂರು, ಮೈಸೂರಿನಲ್ಲಿ ಪೋಲೊ, ಆಕ್ಟೇವಿಯಾದಂಥ ಟರ್ಬೊ ಕಾರಿಗೆ ‘ಸ್ಟೇಜ್ 1’ ಹಾಕಿಸಿಕೊಂಡ ಓದುಗರಿಗೂ ಇಲ್ಲೊಂದು ಮಾತು. ಅಮೆರಿಕದ ಬಂಕಿನ 93 ಮತ್ತು ನಮ್ಮ ಬಂಕಿನ 93 ಒಂದೇ ಅಲ್ಲ. ಅಲ್ಲಿ ಎರಡು ಅಳತೆಗಳ ಸರಾಸರಿ ಬರೆಯುತ್ತಾರೆ, ಇಲ್ಲಿ ಹೆಚ್ಚು ಬರುವ ಒಂದು ಅಳತೆಯನ್ನು ಮಾತ್ರ. ಅವರ 93 ನಮ್ಮ ಲೆಕ್ಕದಲ್ಲಿ 98ರ ಹತ್ತಿರ. ಅಲ್ಲಿನ ಟ್ಯೂನ್ ಫೈಲನ್ನು ಹಾಗೇ ತಂದು ಇಲ್ಲಿನ ಮಾಮೂಲು ಪೆಟ್ರೋಲಿನಲ್ಲಿ ಓಡಿಸುವುದು ಪಿಸ್ಟನ್ನಿಗೆ ಮಾಡುವ ದ್ರೋಹ.

ಹೊಸ ಎಂಜಿನ್ ಕೂತ ಮೇಲಿನ ಮೊದಲ ಗಂಟೆಗಳು ಮುಖ್ಯ. ಕಿಡಿ, ಪೆಟ್ರೋಲು ತಪ್ಪಿಸಿ, ಸ್ಟಾರ್ಟರ್ ಮಾತ್ರ ತಿರುಗಿಸಿ ಆಯಿಲ್ ಪ್ರೆಷರ್ ಬಂದ ಮೇಲೆಯೇ ಸ್ಟಾರ್ಟ್ ಮಾಡಬೇಕು. ಪಿಸ್ಟನ್, ಇಂಜೆಕ್ಟರ್ ಏನೇ ಬದಲಾಗಿದ್ದರೂ ಅದಕ್ಕೆ ಹೊಂದುವ ತಾತ್ಕಾಲಿಕ ಟ್ಯೂನ್ ಮೊದಲ ಸ್ಟಾರ್ಟಿಗೆ ಮುಂಚೆಯೇ ಒಳಗಿರಬೇಕು. ಮೊದಲ ಆಯಿಲು ಬೇಗನೆ ಬದಲಿಸಿ, ಆ ಫಿಲ್ಟರನ್ನೂ ಕತ್ತರಿಸಿ ನೋಡಿ. ರಿಂಗು ಕೂರಬೇಕಾದರೆ ಒಂದೇ ವೇಗದಲ್ಲಿ ಫ್ರೀವೇಯಲ್ಲಿ ಹೋಗಬಾರದು. ಏರು, ಇಳಿಜಾರು ಇರುವ ರಸ್ತೆಯಲ್ಲಿ ಆಕ್ಸಿಲರೇಟರ್ ಮಿತವಾಗಿ ಒತ್ತಿ, ಬಿಟ್ಟು, ಎಂಜಿನ್ ಬ್ರೇಕಿಂಗ್‌ನಲ್ಲಿ ಇಳಿಸಿ ಓಡಿಸಿ. ಪೂರ್ತಿ ಟ್ಯೂನಿಂಗ್ ಇದಾದ ಮೇಲೆ. ಆಮೇಲೆ ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ಡಿಪ್‌ಸ್ಟಿಕ್ ಎಳೆದು ನೋಡುವುದು ಅಭ್ಯಾಸವಾಗಲಿ. ಆಯಿಲ್ ದೀಪ ಹತ್ತುವವರೆಗೆ ಕಾದರೆ ಬಹಳ ತಡವಾಗಿರುತ್ತದೆ.

ಈಗ ಮನೆಯ ಮಾತು. ನೀವು ಹೆಂಡತಿಗೆ ಎರಡನೇ ಲೆಕ್ಕ ಹೇಳಿಲ್ಲ ಎಂದು ಬರೆದಿದ್ದೀರಿ. ಇಂದು ರಾತ್ರಿಯೇ ಹೇಳಿ. ಐದು ತಿಂಗಳ ಗರ್ಭಿಣಿ, ತವರಿನಿಂದ ಇಷ್ಟು ದೂರ, ಮನೆಗೆಂದು ಕೂಡಿಟ್ಟ ದುಡ್ಡಿನ ಮೇಲೆ ಭರವಸೆಯಿಟ್ಟು ಕೂತವರು. ಕಾರು ಹೋದದ್ದಕ್ಕಿಂತ, ತನಗೆ ಹೇಳದೆ ದುಡ್ಡಿನ ಮಾತು ನಡೆದದ್ದು ಅವರಿಗೆ ಹೆಚ್ಚು ನೋವು ಕೊಡುತ್ತದೆ. ಮಾರಿಬಿಡಿ ಅನ್ನುವುದು ನಿಮ್ಮ ಆಸೆಯ ಮೇಲಿನ ಕೋಪ ಎಂದು ನನಗನ್ನಿಸುವುದಿಲ್ಲ, ಮುಂದಿನ ತಿಂಗಳುಗಳ ಭಯ ಇರಬೇಕು. ಕಾಲೇಜಿನ ದಿನಗಳ ಆಸೆ ಏನು ಅನ್ನುವುದನ್ನು ನೀವೂ ಅವರಿಗೆ ಬಾಯಿಬಿಟ್ಟು ಹೇಳಿದ್ದೀರಾ? ಹೇಳಿ. ಆಸೆ ನಾಚಿಕೆಯ ವಿಷಯವಲ್ಲ.

ನನ್ನ ಸಲಹೆ ನೀವಿಬ್ಬರೂ ಯೋಚಿಸದ ಮೂರನೇ ದಾರಿ: ಈಗ ಯಾವುದನ್ನೂ ಮಾಡಬೇಡಿ. ಎಂಜಿನ್ ಇಳಿಸಿ, ಬಿಚ್ಚಿ, ಕಾರಣ ತಿಳಿದುಕೊಳ್ಳಿ. ಆಮೇಲೆ ಕಾರನ್ನು ಗ್ಯಾರೇಜಿನಲ್ಲಿ ಒಣ ಜಾಗದಲ್ಲಿ ನಿಲ್ಲಿಸಿ. ಒಳ್ಳೆಯ ಭಾಗಗಳಿಗೆ ಆಯಿಲ್ ಸವರಿ, ಹೆಸರು ಬರೆದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿಡಿ. ನಿಮ್ಮೂರಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಕಾಲದಲ್ಲಿ ಇಂಥ ಕಾರು ಒಳಗಿದ್ದರೇ ಒಳ್ಳೆಯದು. ಆಫೀಸಿಗೆ ಹೋಗಲು ಹಳೆಯ, ಅಗ್ಗದ, ಮಗುವಿನ ಸೀಟು ಸುಲಭವಾಗಿ ಕೂರುವ ಕಾರು ತೆಗೆದುಕೊಳ್ಳಿ. ಮಗು ಬರಲಿ, ಆಸ್ಪತ್ರೆಯ ಖರ್ಚು ತಿಳಿಯಲಿ, ಮನೆಯ ಮಾತು ಒಂದು ಹಂತಕ್ಕೆ ಬರಲಿ. ಆಗ ಇಬ್ಬರೂ ಕೂತು ಒಂದು ಮೊತ್ತ ನಿಗದಿ ಮಾಡಿ, ಅದರಲ್ಲಿ ಐದನೇ ಒಂದು ಪಾಲನ್ನು ಅನಿರೀಕ್ಷಿತಕ್ಕೆಂದು ಬೇರೆ ಇಡಿ. ಆ ಮೊತ್ತದೊಳಗೆ ಕೆಲಸ ಆಗುವುದಾದರೆ ಕಟ್ಟಿಸಿ, ಆಗದಿದ್ದರೆ ಮಾರಿ. ಬಿಚ್ಚಿದ ಫೋಟೊ, ಪರೀಕ್ಷೆಯ ವರದಿಗಳ ಸಮೇತ ಮಾರಿದರೆ ಕೊಳ್ಳುವವನಿಗೂ ಕಾರು ಏನೆಂದು ತಿಳಿದಿರುತ್ತದೆ, ನಿಮಗೂ ಮೋಸ ಮಾಡಿದ ಭಾರ ಇರುವುದಿಲ್ಲ.

ಸದ್ಯಕ್ಕೆ ಅಂಗಡಿಯವರಿಗೆ ಹೊಸ ಭಾಗಗಳಿಗೆಂದು ಮುಂಗಡ ಕೊಡಬೇಡಿ. ಎಂಜಿನ್ ಇಳಿಸಿ ಬಿಚ್ಚಿ ತೋರಿಸುವ ಕೂಲಿ ಎಷ್ಟು ಎಂದು ಮಾತ್ರ ಕೇಳಿ, ಅದನ್ನು ಬರಹದಲ್ಲಿ ತೆಗೆದುಕೊಳ್ಳಿ. ಮಿಷಿಗನ್ನಿನ ಕಾನೂನಿನ ಪ್ರಕಾರ ರಿಪೇರಿ ಅಂಗಡಿಯವರು ಕೆಲಸಕ್ಕೆ ಮೊದಲು ಅಂದಾಜನ್ನು ಬರೆದು ಕೊಡಬೇಕು, ಬದಲಿಸಿದ ಹಳೆಯ ಭಾಗಗಳನ್ನು ಕೇಳಿದರೆ ಹಿಂದಿರುಗಿಸಬೇಕು. ನಾಲ್ಕನೇ ಪಿಸ್ಟನ್ ನನಗೆ ಬೇಕು ಎಂದು ಆ ಹಾಳೆಯಲ್ಲೇ ಬರೆಸಿಕೊಳ್ಳಿ.